ಚಾವಡಿಯಲ್ಲಿ ಧೀಂಗಿಣ

ಆಟಿ ತಿಂಗಳಲ್ಲಿ ಕುದುರೆಮುಖದ ಬೆಟ್ಟದ ಕಡೆಯಿಂದ ಮೋಡ ಇಳಿಯಿತೆಂದರೆ ನಮ್ಮ ನಾರಾವಿಯಲ್ಲಿ ಮಧ್ಯಾಹ್ನವೇ ದೀಪ ಹಾಕಬೇಕು. 2013ರ ಅಂಥದೊಂದು ಭಾನುವಾರ, ಪೇಟೆಗೆ ಹೋಗಿದ್ದ ನಮ್ಮ ಮನೆಯವರು ಕೊಡೆ ಮಡಚುತ್ತ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಚಾವಡಿಯ ಕುರ್ಚಿ, ಟೀಪಾಯಿ ಎಲ್ಲ ಗೋಡೆಗೆ ಸರಿದಿದ್ದವು. ನಡುವೆ ನಾನೂ ಮಗಳೂ ಅಕ್ಕಪಕ್ಕ ನಿಂತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾರುತ್ತಿದ್ದೆವು. ಕೈಯಲ್ಲಿ ಏನೂ ಇಲ್ಲ. ಕಣ್ಣು ಮಾತ್ರ ಟಿ.ವಿ.ಯ ಮೇಲೆ.

“ಎಂತ ಮಾರಾಯ್ತಿ, ಮೇಳಕ್ಕೆ ಸೇರುವ ಅಂದಾಜುಂಟಾ?” ಎಂದರು.

ನಾಚಿಕೆಯಾಯಿತು ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಅದು ಸುಳ್ಳು. ಆ ಕ್ಷಣ ನನಗೆ ಸಿಟ್ಟು ಬಂದದ್ದು ಆಟ ಅರ್ಧಕ್ಕೆ ನಿಂತಿತಲ್ಲ ಎಂದು. ನಲವತ್ತು ದಾಟಿದ ಹೈಸ್ಕೂಲ್ ಟೀಚರಿಗೆ ಅಂಥ ಸಿಟ್ಟು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದದ್ದರ ಫಲವೇ ಈ ಬರಹ. ಪುಸ್ತಕಗಳನ್ನು, ಸಿನಿಮಾಗಳನ್ನು ವಿಮರ್ಶಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಮನೆಯೊಳಗೇ ಬಂದು ಕುಳಿತ ಆಟಗಳನ್ನು ಮಾತ್ರ ನಾವು ಒಂದೋ ಬಯ್ಯುತ್ತೇವೆ, ಇಲ್ಲವೇ ಕೊಂಡುಕೊಳ್ಳುತ್ತೇವೆ. ಕೂತು ತೂಗಿ ನೋಡುವುದಿಲ್ಲ.

ನಮ್ಮಲ್ಲಿಗೆ ಇಂಥ ಆಟ ಮೊದಲು ಬಂದದ್ದು 2009ರಲ್ಲಿ. ತಂಗಿಯ ಗಂಡ ದುಬೈಯಿಂದ ರಜೆಗೆ ಬರುವಾಗ ‘ವೀ’ ಎಂಬ ಬಿಳಿಯ ಪೆಟ್ಟಿಗೆ ತಂದರು. ಜಪಾನಿನ ನಿಂಟೆಂಡೊ ಕಂಪೆನಿ 2006ರಲ್ಲಿ ಹೊರತಂದದ್ದು ಅದು. ಈ ಕಂಪೆನಿ ಹುಟ್ಟಿದ್ದು 1889ರಲ್ಲಿ, ಕ್ಯೋಟೋ ನಗರದಲ್ಲಿ, ಇಸ್ಪೀಟಿನಂಥ ಆಟದ ಎಲೆಗಳನ್ನು ಮಾಡಿ ಮಾರುವುದಕ್ಕೆ ಎಂದರೆ ಆಶ್ಚರ್ಯವಾದೀತು. ಅಲ್ಲಿಯವರೆಗಿನ ಹೆಚ್ಚಿನ ವಿಡಿಯೋ ಗೇಮುಗಳಲ್ಲಿ ಬೆರಳುಗಳಿಗೆ ಬಿಟ್ಟರೆ ಬೇರೆ ಅಂಗಕ್ಕೆ ಅಷ್ಟಾಗಿ ಕೆಲಸವಿರಲಿಲ್ಲ. ಇದರಲ್ಲಿ ರಿಮೋಟನ್ನೇ ಬೀಸಬೇಕು. ಕೈಯ ಚಲನೆ ಹೆಚ್ಚಿತೇ, ಕಡಿಮೆಯಾಯಿತೇ ಎಂದು ಅಳೆಯುವ ಸಣ್ಣ ಚಿಪ್ಪು ಅದರೊಳಗಿದೆ. ರಿಮೋಟು ಯಾವ ದಿಕ್ಕಿಗೆ ತಿರುಗಿದೆ ಎಂದು ತಿಳಿಯಲು ಟಿ.ವಿ.ಯ ಹತ್ತಿರ ಒಂದು ಪಟ್ಟಿ ಇಡಬೇಕು. ಅದರಿಂದ ನಮ್ಮ ಕಣ್ಣಿಗೆ ಕಾಣದ ಬೆಳಕು ಬರುತ್ತದೆ.

ಆ ಪಟ್ಟಿಯ ವಯರನ್ನು ನಮ್ಮ ಮನೆಯ ಇಲಿ ಎರಡೇ ತಿಂಗಳಲ್ಲಿ ಕಡಿದುಹಾಕಿತು. ಎರಡು ಮೇಣದಬತ್ತಿ ಹಚ್ಚಿಟ್ಟರೂ ಸಾಕು ಎಂದು ತಂಗಿಯ ಮಗ ಎಲ್ಲಿಂದಲೋ ತಿಳಿದುಕೊಂಡು ಬಂದ. ನಿಜಕ್ಕೂ ಸಾಕಾಯಿತು! ಟಿ.ವಿ.ಯ ಎರಡು ಬದಿ ದೀಪ ಉರಿಯುವುದನ್ನು ಕಂಡ ಅತ್ತೆ, “ಇವತ್ತು ಇದಕ್ಕೆ ಎಂತ ಪೂಜೆ?” ಎಂದು ಕೇಳಿದರು.

‘ವೀ’ಯ ಟೆನಿಸ್ ಆಟವನ್ನು ನಾನು ಒಂದು ವಾರ ಮನಸ್ಸಿಟ್ಟು ಆಡಿದೆ. ಮೊದಲ ದಿನ ತೋಳೆತ್ತಿ ಬೀಸಿದೆ, ಮೈಯೆಲ್ಲ ಬೆವರಿತು. ಎರಡನೆಯ ದಿನ ನೋಡಿದರೆ ಮಗ ಬೆಂಚಿನಲ್ಲಿ ಕೂತು, ಒಂದು ಕೈಯಲ್ಲಿ ಚಕ್ಕುಲಿ ಹಿಡಿದು, ಇನ್ನೊಂದು ಕೈಯ ಮಣಿಕಟ್ಟನ್ನು ನೊಣ ಓಡಿಸಿದಂತೆ ಆಡಿಸಿ ನನ್ನನ್ನು ಸೋಲಿಸುತ್ತಿದ್ದಾನೆ. ಅಂಗಳದಲ್ಲಿ ಓಡುವ ಕೆಲಸವನ್ನು ಪರದೆಯ ಗೊಂಬೆಯೇ ಮಾಡಿಕೊಳ್ಳುತ್ತದೆ; ನಾವು ಸಮಯ ನೋಡಿ ಬೀಸಿದರೆ ಆಯಿತು. ಯಂತ್ರಕ್ಕೆ ನಾನು ಬೇಕಾಗಿಯೇ ಇರಲಿಲ್ಲ. ಬೇಕಾಗಿದ್ದದ್ದು ನನ್ನ ಮಣಿಕಟ್ಟು ಮಾತ್ರ. ಇದೇ ಈ ಆಟದ ದೊಡ್ಡ ದೋಷ ಎಂದು ಆಗಲೇ ತೀರ್ಮಾನಿಸಿದೆ: ಶ್ರಮವನ್ನು ಬೇಡಿದಂತೆ ನಟಿಸುತ್ತದೆ, ಉಪಾಯ ಕಂಡುಕೊಂಡವರಿಗೆ ಬಹುಮಾನ ಕೊಡುತ್ತದೆ.

ಆದರೂ ಜಗತ್ತು ಇದಕ್ಕೆ ಮರುಳಾಯಿತು. ಹತ್ತು ಕೋಟಿಗಿಂತ ಹೆಚ್ಚು ಪೆಟ್ಟಿಗೆಗಳು ಮಾರಾಟವಾದವು. ಉತ್ಸಾಹದಲ್ಲಿ ಬೀಸಿದವರ ಕೈಯಿಂದ ರಿಮೋಟು ಹಾರಿ ಟಿ.ವಿ. ಒಡೆಯತೊಡಗಿದಾಗ, 2006ರ ಡಿಸೆಂಬರಿನಲ್ಲಿ ಕಂಪೆನಿ ಸುಮಾರು 32 ಲಕ್ಷ ಕೈಪಟ್ಟಿಗಳನ್ನು ಬದಲಿಸಿಕೊಡಬೇಕಾಯಿತು. ಮರುವರ್ಷ ಸ್ಪೇನಿನ ವೈದ್ಯರೊಬ್ಬರು, ಗಂಟೆಗಟ್ಟಲೆ ಈ ಟೆನಿಸ್ ಆಡಿ ಭುಜ ನೋಯಿಸಿಕೊಂಡವರ ಕಾಯಿಲೆಗೆ ‘ವೀ’ಯ ಹೆಸರನ್ನೇ ಇಟ್ಟು ವೈದ್ಯಕೀಯ ಪತ್ರಿಕೆಗೆ ಬರೆದರು. ಅದೇ 2007ರಲ್ಲಿ ಬ್ರಿಟನ್ನಿನ ಸಂಶೋಧಕರು ಹದಿಹರೆಯದವರನ್ನು ಆಡಿಸಿ ಅಳೆದು ನೋಡಿ, ಕೂತು ಆಡುವ ಗೇಮಿಗಿಂತ ಇದರಲ್ಲಿ ಹೆಚ್ಚು ಶಕ್ತಿ ಖರ್ಚಾಗುತ್ತದೆ, ನಿಜವಾದ ಆಟದಷ್ಟು ಮಾತ್ರ ಆಗುವುದಿಲ್ಲ ಎಂದರು. ನಮ್ಮ ಚಾವಡಿಯ ಅನುಭವವೂ ಅದೇ.

ಒಂದು ಮಾತು ಮಾತ್ರ ‘ವೀ’ಯ ಪರವಾಗಿ ಹೇಳಲೇಬೇಕು. ಅತ್ತೆಗೆ ಆಗ ಎಪ್ಪತ್ತೈದು. ಮೊಣಕಾಲು ಮಡಚಲಾಗದವರು. ಮೊಮ್ಮಕ್ಕಳು ಅವರನ್ನು ಕುರ್ಚಿಯಲ್ಲಿ ಕೂರಿಸಿ ಬೌಲಿಂಗ್ ಆಡಿಸಿದರು. ಚೆಂಡು ಉರುಳಿ ಹತ್ತೂ ಗೂಟಗಳು ಬಿದ್ದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕ ನಗೆ ನನಗೆ ಈಗಲೂ ಕೇಳಿಸುತ್ತದೆ. ಅಮೇರಿಕ, ಬ್ರಿಟನ್ನುಗಳ ವೃದ್ಧಾಶ್ರಮಗಳಲ್ಲೂ ಮುದುಕರು ಇದೇ ಬೌಲಿಂಗಿಗಾಗಿ ಕಾದು ಕೂರುತ್ತಿದ್ದರಂತೆ. ಮಣಿಕಟ್ಟು ಮಾತ್ರ ಉಳಿದವರಿಗೆ, ಮಣಿಕಟ್ಟು ಸಾಕು ಎನ್ನುವ ಆಟ ಒಂದು ಉಪಕಾರವೇ.

ಎರಡನೆಯ ಯಂತ್ರ ಬಂದದ್ದು 2013ರ ಬೇಸಗೆ ರಜೆಯಲ್ಲಿ. ಬೆಂಗಳೂರಿನಲ್ಲಿರುವ ಅಣ್ಣನ ಮಗ ತನ್ನ ಎಕ್ಸ್‌ಬಾಕ್ಸನ್ನೂ ಅದಕ್ಕೆ ಜೋಡಿಸುವ ‘ಕಿನೆಕ್ಟ್’ ಎಂಬ ಉದ್ದನೆಯ ಕ್ಯಾಮರಾವನ್ನೂ ನಮ್ಮಲ್ಲಿ ಬಿಟ್ಟುಹೋದ. ಮೈಕ್ರೋಸಾಫ್ಟ್ ಕಂಪೆನಿ 2010ರ ನವೆಂಬರಿನಲ್ಲಿ ತಂದ ಇದು ಮೊದಲ ಅರುವತ್ತು ದಿನಗಳಲ್ಲೇ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಗೆ ಸೇರಿತ್ತು. ಇದರಲ್ಲಿ ಕೈಗೆ ರಿಮೋಟೇ ಇಲ್ಲ. ಕಣ್ಣಿಗೆ ಕಾಣದ ಬೆಳಕಿನ ಚುಕ್ಕೆಗಳನ್ನು ಕೋಣೆಯ ತುಂಬ ಎರಚಿ, ಯಾವುದು ಹತ್ತಿರ, ಯಾವುದು ದೂರ ಎಂದು ಲೆಕ್ಕ ಹಾಕಿ, ಎದುರು ನಿಂತವರ ಮೈಯ ಇಪ್ಪತ್ತು ಕೀಲುಗಳನ್ನು ಗುರುತಿಸುತ್ತದೆ. ಅದರೆದುರು ಆರೇಳು ಅಡಿ ಜಾಗ ಖಾಲಿ ಬಿಡಬೇಕು. ಬೆಂಗಳೂರಿನ ಫ್ಲಾಟಿನಲ್ಲಿ ಅದಕ್ಕೆ ಸೋಫಾ ಹೊರಗೆ ಹಾಕಬೇಕಿತ್ತಂತೆ. ನಮ್ಮ ಹಳೆಯ ಮನೆಯ ಚಾವಡಿ ಮೊದಲ ಬಾರಿಗೆ ಪಟ್ಟಣದ ವಸ್ತುವೊಂದಕ್ಕೆ ಸರಿಹೊಂದಿತು.

ಸರಿಹೊಂದದ್ದು ನಾನು. ಸೀರೆಯುಟ್ಟು ಅದರೆದುರು ನಿಂತರೆ ಪರದೆಯ ಗೊಂಬೆಯ ಕಾಲುಗಳು ಗಾಳಿಗೆ ಸಿಕ್ಕಿದ ಬಾಳೆಲೆಯಂತೆ ನಡುಗುತ್ತಿದ್ದವು. ನೈಟಿಯಲ್ಲಿ ಇನ್ನೂ ಕಷ್ಟ. ಸಡಿಲ ಬಟ್ಟೆಯೊಳಗಿನ ಕಾಲನ್ನು ಹುಡುಕಲು ಅದಕ್ಕೆ ಆಗದು ಎಂದು ಹುಡುಗ ಫೋನಿನಲ್ಲಿ ವಿವರಿಸಿದ. ಇದನ್ನು ಕಟ್ಟಿದವರ ಮನಸ್ಸಿನಲ್ಲಿದ್ದ ‘ಮನುಷ್ಯ’ ಪ್ಯಾಂಟು ಹಾಕಿಕೊಂಡವನು ಎಂಬುದು ನನಗೆ ಆಗ ಹೊಳೆಯಿತು. ಮನೆಮಂದಿಯೆಲ್ಲ ಸೇರಿ ಆಡುವ ಆಟ ಎಂದು ಜಾಹೀರಾತು ಮಾಡಿದವರು, ಮನೆಯಲ್ಲಿ ಮೊಳಗಟ್ಟಲೆ ಬಟ್ಟೆ ಸುತ್ತಿಕೊಂಡವಳೂ ಒಬ್ಬಳಿರಬಹುದು ಎಂದು ಯೋಚಿಸಿರಲಿಲ್ಲ. ಮೊದಲಿನ ಯಂತ್ರ ನನ್ನನ್ನು ನೋಡುತ್ತಲೇ ಇರಲಿಲ್ಲ. ಇದು ನೋಡುತ್ತದೆ, ಗುರುತು ಹಿಡಿಯುವುದಿಲ್ಲ.

ಕೊನೆಗೆ ಶಾಲಾ ಪ್ರವಾಸಕ್ಕೆಂದು ಹೊಲಿಸಿಟ್ಟಿದ್ದ ಚೂಡಿದಾರ್ ಹಾಕಿ, ಶಾಲನ್ನು ಸೊಂಟಕ್ಕೆ ಬಿಗಿದು ನಿಂತೆ. ಆಗ ಆಟ ಶುರುವಾಯಿತು ನೋಡಿ! ಒಂದರಲ್ಲಿ ತೆಪ್ಪದ ಮೇಲೆ ಇಬ್ಬರು ನಿಂತು ಹೊಳೆಯಲ್ಲಿ ಸಾಗಬೇಕು. ಎಡಕ್ಕೆ ಸರಿದರೆ ತೆಪ್ಪ ಎಡಕ್ಕೆ, ಹಾರಿದರೆ ತೆಪ್ಪವೂ ಹಾರುತ್ತದೆ. ಮಗಳು ಒಂದು ಕಡೆಗೆ, ನಾನೊಂದು ಕಡೆಗೆ ಎಳೆದರೆ ಬಂಡೆಗೆ ಡಿಕ್ಕಿ. ಇನ್ನೊಂದರಲ್ಲಿ ನೀರಿನಡಿಯ ಗಾಜಿನ ಪೆಟ್ಟಿಗೆ ಅಲ್ಲಲ್ಲಿ ಬಿರುಕು ಬಿಡುತ್ತದೆ. ಕೈಯಿಂದ, ಕಾಲಿನಿಂದ, ತಲೆಯಿಂದ ಮುಚ್ಚುತ್ತ ಹೋಗಬೇಕು. ಆಟಿಯ ಮಳೆಗೆ ಸೋರುವ ಹಂಚಿನ ಕೆಳಗೆ ಪಾತ್ರೆ ಇಡುತ್ತ ಓಡಾಡಿದ ಹೆಂಗಸರಿಗೆ ಈ ಆಟ ಹೊಸತಲ್ಲ. ಇಲ್ಲಿ ಬೆಂಚಿನಲ್ಲಿ ಕೂತು ಗೆಲ್ಲುವ ಉಪಾಯವೂ ಇಲ್ಲ. ಕೃತಿಯಾಗಿ ನೋಡಿದರೆ ಇದು ಮೊದಲಿನದಕ್ಕಿಂತ ಪ್ರಾಮಾಣಿಕ.

ಆಟದ ನಡುವೆ ಅದು ನಮಗೆ ತಿಳಿಯದಂತೆ ಫೋಟೋ ತೆಗೆದು ಕೊನೆಗೆ ತೋರಿಸುತ್ತದೆ. ಆ ಭಾನುವಾರದ ಫೋಟೋದಲ್ಲಿ ನನ್ನ ಜಡೆ ಬಿಚ್ಚಿತ್ತು. ಎರಡೂ ಕಾಲು ನೆಲ ಬಿಟ್ಟಿದ್ದವು. ಬಾಯಿ ತೆರೆದು ನಗುತ್ತಿದ್ದೆ. ಮದುವೆಯ ಆಲ್ಬಮ್ಮಿನಿಂದ ಹಿಡಿದು ಶಾಲೆಯ ಗ್ರೂಪ್ ಫೋಟೋಗಳವರೆಗೆ ಹುಡುಕಿದರೂ ನನ್ನದು ಅಂಥದೊಂದು ಚಿತ್ರ ಸಿಕ್ಕದು. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡುವಾಗ ಇದ್ದಿರಬಹುದು, ತೆಗೆಯುವವರು ಇರಲಿಲ್ಲ. ಮನೆಯವರು ಬಾಗಿಲಲ್ಲಿ ನಿಂತಾಗ ಬಂದ ಸಿಟ್ಟಿನ ಬುಡ ಇಲ್ಲೇ ಇತ್ತು. ಸುಮಾರು ಮೂವತ್ತು ವರ್ಷಗಳ ಮೇಲೆ ಸಿಕ್ಕಿದ್ದನ್ನು ಅರ್ಧಕ್ಕೆ ನಿಲ್ಲಿಸಿದ್ದರು.

ಇಂಥ ಆಟಗಳನ್ನು ಕಂಡರೆ ನಮ್ಮ ಹಿರಿಯರು ಹೇಳುವ ಮಾತು ಒಂದೇ: ಹಿಂದಿನ ಆಟಗಳೆಲ್ಲ ಹೋದವು. ನಾನೂ ಹಾಗೆ ಹೇಳಿದವಳೇ. ಆದರೆ ನೆನಪು ಮಾಡಿಕೊಳ್ಳಿ. ಲಗೋರಿ, ಕುಟ್ಟಿದೊಣ್ಣೆ, ಕುಂಟೆಬಿಲ್ಲೆ ಹುಡುಗಿಯರಿಗೆ ಎಷ್ಟು ವರ್ಷದವರೆಗೆ? ದೊಡ್ಡವಳಾದ ಮೇಲೆ ಉಳಿದದ್ದು ಆಟಿ ತಿಂಗಳ ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ, ಜಗಲಿಯ ಮೂಲೆ. ಚೆನ್ನೆ ಬುದ್ಧಿಯ ಆಟ, ಒಳ್ಳೆಯ ಆಟ. ಅದರಲ್ಲಿ ಸೋತ ನೋವೂ ನಿಜವಾದದ್ದು. ಸಿರಿ ಪಾಡ್ದನದ ಅಕ್ಕತಂಗಿಯರಾದ ಅಬ್ಬಗ-ದಾರಗರು ಚೆನ್ನೆಯಾಡುತ್ತಲೇ ಜಗಳವಾಗಿ ಜೀವ ಕಳೆದುಕೊಂಡರೆಂಬ ಕಥೆ ನಮ್ಮ ತುಳುನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಯಂತ್ರದ ಆಟದಲ್ಲಿ ಅಷ್ಟು ಆಳವಿಲ್ಲ. ಸೋತರೂ ಪರದೆ ನಮ್ಮನ್ನು ಹೊಗಳುತ್ತದೆ. ಆದರೆ ಚೆನ್ನೆಯಲ್ಲಿಯೂ ನಾವು ಕೂತೇ ಇದ್ದೆವು. ಓಡುವ ಗದ್ದೆ, ಹಾರುವ ಅಂಗಳ ಗಂಡುಮಕ್ಕಳದಾಗಿತ್ತು. ಬಾಗಿಲು ಹಾಕಿಕೊಂಡ ಚಾವಡಿಯಲ್ಲಾದರೂ ಹಾರಬಹುದು ಎಂದದ್ದು ಈ ಯಂತ್ರ.

ಬಾಗಿಲು ಹಾಕಿಕೊಂಡು ಎಂಬಲ್ಲೇ ಅದರ ಮಿತಿಯೂ ಇದೆ. ಮಗಳಿಗೆ ಆಗ ಹದಿಮೂರು. ಆ ವರ್ಷವಷ್ಟೇ ಅವಳು ಸಂಜೆ ಅಂಗಳದ ಆಟ ಬಿಟ್ಟಿದ್ದಳು; ಯಾರು ಬಿಡಿಸಿದರೆಂದು ಬೇರೆ ಹೇಳಬೇಕಾಗಿಲ್ಲ, ಅದರಲ್ಲಿ ನಾನೂ ಒಬ್ಬಳು. ಅವಳು ಒಂದು ದಿನ ಕಿನೆಕ್ಟ್ ಆರಿಸುತ್ತ, “ಅಮ್ಮ, ಇದು ನಮ್ಮ ಶಾಲೆಯ ಪಿ.ಟಿ. ಪೀರಿಯಡಿಗಿಂತ ಒಳ್ಳೆಯದು. ಇದನ್ನು ಯಾವ ಟೀಚರೂ ಪಾಠಕ್ಕೆ ತೆಗೆದುಕೊಳ್ಳುವುದಿಲ್ಲ” ಎಂದಳು.

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಆದರೆ ನನಗೆ ಚುಚ್ಚಿತು. ನಾನು ಸಮಾಜ ಪಾಠ ಮಾಡುವವಳು. ಹತ್ತನೆಯ ತರಗತಿಯ ಪೋರ್ಶನ್ ಮುಗಿಯುವುದಿಲ್ಲವೆಂದು ನವೆಂಬರಿನಿಂದ ಆಟದ ಪೀರಿಯಡನ್ನು ಕೇಳಿ ಪಡೆಯುತ್ತಿದ್ದೆ. ಗಂಡುಮಕ್ಕಳು ಮುಖ ಊದಿಸಿಕೊಂಡರೆ ಅವರನ್ನು ಅರ್ಧ ಗಂಟೆ ಬಿಟ್ಟದ್ದೂ ಉಂಟು. ಸಂಜೆ ಗದ್ದೆಯಲ್ಲಿ ಕ್ರಿಕೆಟ್ ಹೇಗೂ ಇತ್ತು ಅವರಿಗೆ. ಹೆಣ್ಣುಮಕ್ಕಳು ಏನೂ ಹೇಳದೆ ಪುಸ್ತಕ ತೆರೆಯುತ್ತಿದ್ದರು. ಅವರ ಆ ಮೌನವನ್ನು ನಾನು ಶಿಸ್ತು ಎಂದು ಹೊಗಳುತ್ತಿದ್ದೆ. ಮನೆಗೆ ಹೋದರೆ ಪಾತ್ರೆ, ದನ, ತಮ್ಮಂದಿರು. ವಾರಕ್ಕೆ ಎರಡು ಬಾರಿ ನೆಲ ಬಿಟ್ಟು ಹಾರಲು ಅವರಿಗೆ ಸಿಗುತ್ತಿದ್ದ ಸಮಯ ಅದೊಂದೇ. ಅದನ್ನೇ ನಾನು ಕಸಿದುಕೊಂಡಿದ್ದೆ. ನನ್ನ ಚಾವಡಿಯಲ್ಲಿ ಯಂತ್ರ ತರಿಸಿಕೊಂಡು ಹಾರಿದವಳೂ ನಾನೇ.

ಕಿನೆಕ್ಟಿನ ತಯಾರಿಕೆ 2017ರಲ್ಲಿ ನಿಂತಿತು. ‘ವೀ’ ಅದಕ್ಕೂ ಮೊದಲೇ ನಿಂತಿತ್ತು. ನಮ್ಮವು ಎರಡೂ ಅಟ್ಟ ಸೇರಿವೆ. ಕೊಳ್ಳುವವರು ಕೇಳಿದರೆ ನನ್ನ ವಿಮರ್ಶೆ ಇಷ್ಟು: ಇಂಥ ಆಟಗಳು ವ್ಯಾಯಾಮಕ್ಕೆ ಬದಲಿಯಲ್ಲ, ಮಕ್ಕಳನ್ನು ಕೆಡಿಸುವ ಮಾರಿಯೂ ಅಲ್ಲ. ಮೈ ಮರೆತಿದ್ದನ್ನು ಒಮ್ಮೆ ನೆನಪಿಸುತ್ತವೆ. ನೆನಪಾದ ಮೇಲೆ ಬಾಗಿಲು ತೆರೆಯುವುದು ನಮ್ಮ ಕೆಲಸ.

2014ರ ಜೂನಿನಿಂದ ನಾನು ಆಟದ ಪೀರಿಯಡ್ ಕೇಳಿಲ್ಲ. ಪೋರ್ಶನ್ ಮುಗಿಯದಿದ್ದರೆ ಬೆಳಿಗ್ಗೆ ಬೇಗ ಹೋಗುತ್ತೇನೆ. ಪಿ.ಟಿ. ಮಾಸ್ಟ್ರಲ್ಲಿ ಹೇಳಿ ಹೆಣ್ಣುಮಕ್ಕಳಿಗೆಂದು ಬೇರೆಯೇ ಒಂದು ಥ್ರೋಬಾಲ್ ನೆಟ್ ಕಟ್ಟಿಸಿದ್ದೇನೆ. ಕೆಲವೊಮ್ಮೆ ಒಂದು ಕಡೆಗೆ ಆಳು ಕಡಿಮೆಯಾದರೆ, “ಟೀಚರ್, ನೀವು ಬನ್ನಿ” ಎಂದು ಕರೆಯುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗುತ್ತೇನೆ. ಸೀರೆಯಲ್ಲಿಯೂ ಆ ಮಕ್ಕಳಿಗೆ ನನ್ನ ಗುರುತು ಸಿಗುತ್ತದೆ.