ಸ್ಪ್ರಿಂಗಿನ ಮಂಚ

ಪಿಲಾಟೆಸ್ ವ್ಯಾಯಾಮದ ರಿಫಾರ್ಮರ್ ನೋಡಲು ಕಿರುಮಂಚದಂತಿದೆ: ಹಳಿಯ ಮೇಲೆ ಜಾರುವ ಹಲಗೆ, ಅದನ್ನು ಹಿಡಿದೆಳೆಯುವ ಸ್ಪ್ರಿಂಗುಗಳು, ಕೈಕಾಲಿಗೆ ಪಟ್ಟಿ. ರೂಪಿಸಿದವರು 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೆಸ್. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಂಧನ ಶಿಬಿರದಲ್ಲಿದ್ದಾಗ ರೋಗಿಗಳ ಮಂಚಕ್ಕೆ ಸ್ಪ್ರಿಂಗು ಕಟ್ಟಿದರೆಂಬ ಕಥೆಯಿದೆ; ಎಷ್ಟು ನಿಜವೋ, ಉಪಕರಣಕ್ಕಂತೂ ಒಪ್ಪುತ್ತದೆ. ಮುಂದೆ ನ್ಯೂಯಾರ್ಕಿನಲ್ಲಿ ಗಾಯಗೊಂಡ ನರ್ತಕರು ಅವರನ್ನು ಹುಡುಕಿಕೊಂಡು ಬಂದರು.

ಮಂಡಿ ನೊಂದವರು ನಿಂತು ಬಸ್ಕಿ ಹೊಡೆದರೆ ಮೈಭಾರವೆಲ್ಲ ಮಂಡಿಯ ಮೇಲೆ. ರಿಫಾರ್ಮರಿನ ಮೇಲೆ ಅಂಗಾತ ಮಲಗಿ, ಅಡ್ಡಕಂಬಿಗೆ ಪಾದ ಒತ್ತಿ ಹಲಗೆ ದೂಡಿದರೆ ಅದೇ ಚಲನೆ. ಭಾರ ಮಾತ್ರ ಸ್ಪ್ರಿಂಗು ಹೇಳಿದಷ್ಟು. ಒಂದನ್ನು ಕಳಚಿದರೆ ಇನ್ನೂ ಹಗುರ. ಕಷ್ಟವಿರುವುದು ಮರಳುವಾಗ: ಹಲಗೆಯನ್ನು ತಡೆತಡೆದು ತರಬೇಕು. ಠಪ್ಪೆಂದು ಬಡಿದರೆ ಸ್ನಾಯು ಕೈಬಿಟ್ಟಿತೆಂದೇ ಅರ್ಥ. ಹಳೆಯ ಬೆನ್ನುನೋವಿಗೂ ಇದು ನೆರವಾಗುತ್ತದೆ, ಬೇರೆ ವ್ಯಾಯಾಮಗಳಿಗಿಂತ ಮೇಲೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲದಿದ್ದರೂ.