ಗೊಂಬೆ ‘ನಾನು’ ಎಂದರೆ

ಬತ್ತೀಸ ಪುತ್ಥಳಿಯ ಕಥೆ ಯಾರಿಗೆ ಗೊತ್ತಿಲ್ಲ! ಬ್ರಾಹ್ಮಣನೊಬ್ಬ ಹೊಲ ಕಾಯಲು ಅಟ್ಟಣೆ ಕಟ್ಟಿದ್ದ. ಅದರ ಮೇಲೆ ಕೂತಾಗ ದಾರಿಹೋಕರನ್ನೆಲ್ಲ ಕರೆದು, ಬೇಕಾದಷ್ಟು ತೆನೆ ಕಿತ್ತುಕೊಳ್ಳಿ ಎನ್ನುತ್ತಿದ್ದ. ಕೆಳಗಿಳಿದರೆ ಅವರನ್ನೇ ಬೈದು ಅಟ್ಟುತ್ತಿದ್ದ. ಇದು ನೆಲದ ಗುಣವೆಂದು ತಿಳಿದು ಭೋಜರಾಜ ಅಗೆಸಿದಾಗ ವಿಕ್ರಮಾದಿತ್ಯನ ಸಿಂಹಾಸನ ಸಿಕ್ಕಿತು. ರಾಜ ಅದನ್ನು ಏರಲು ಹೋದಾಗಲೆಲ್ಲ ಅದರ 32 ಗೊಂಬೆಗಳಲ್ಲಿ ಒಂದೊಂದು ಬಾಯಿಬಿಟ್ಟು, ವಿಕ್ರಮನ ಔದಾರ್ಯದ ಕಥೆ ಹೇಳಿ, ಇಂಥದ್ದು ನಿನ್ನಲ್ಲಿದ್ದರೆ ಏರು ಎಂದು ತಡೆಯುತ್ತದೆ.

ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ ಈ ಕಥೆಯನ್ನು ಮತ್ತೆ ಓದುವ ಹಾಗೆ ಮಾಡಿದ್ದು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. ಅವನಿಗೊಂದು ವಿದೇಶಿ ಆಟದ ಹುಚ್ಚು. “ಚಿಕ್ಕಮ್ಮ, ಇದು ನಿಮ್ಮ ಊರಿನ ತಾಳಮದ್ದಳೆಯ ಹಾಗೇ” ಎಂದು ವಿವರಿಸಿದ. ಕೇಳಿದರೆ ಹೌದೆನ್ನಿಸಿತು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಡೆಯುತ್ತದಲ್ಲ, ಭಾಗವತರ ಪದ ಮುಗಿದೊಡನೆ ವೇಷವಿಲ್ಲದೆ ಕೂತ ಅರ್ಥಧಾರಿ ‘ನಾನು ಕರ್ಣ’ ಎಂದು ಮಾತು ಶುರುಮಾಡುವುದು, ಹಾಗೆಯೇ ಅಲ್ಲಿಯೂ ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರವಾಗುತ್ತಾರೆ. ವ್ಯತ್ಯಾಸವಿಷ್ಟೇ: ಪ್ರಸಂಗದ ಕೊನೆ ನಮಗೆ ಮೊದಲೇ ಗೊತ್ತು, ಅಲ್ಲಿ ಇಪ್ಪತ್ತು ಮುಖದ ದಾಳ ಉರುಳಿದ ಮೇಲೆಯೇ ಗೆಲುವು ಸೋಲು.

‘ಕ್ರಿಟಿಕಲ್ ರೋಲ್’ ಎಂಬ ಅಮೆರಿಕದ ತಂಡ 2015ರಿಂದ ಇಂಥ ಆಟವನ್ನು ನೇರವಾಗಿ ಜನರಿಗೆ ತೋರಿಸಿ ಹೆಸರು ಮಾಡಿತು. ಮ್ಯಾಥ್ಯೂ ಮರ್ಸರ್ ಅದರ ಭಾಗವತ ಎನ್ನೋಣ. ಅವನು ಕಟ್ಟಿದ ಲೋಕದಲ್ಲಿ ಏಯೋರ್ ಎಂಬ ಆಕಾಶನಗರವಿತ್ತಂತೆ. ದೇವತೆಗಳ ಯುದ್ಧದಲ್ಲಿ ಅದು ನೆಲಕ್ಕೆ ಬಿದ್ದು ಹಾಳಾಯಿತು. ಅಲ್ಲಿ ತಯಾರಾಗಿದ್ದ ಯಂತ್ರಮಾನವರಲ್ಲಿ ಕೆಲವರು ನೂರಾರು ವರ್ಷಗಳ ಮೇಲೆ ಎಚ್ಚರಗೊಳ್ಳುತ್ತಾರೆ. 2021ರಲ್ಲಿ ಶುರುವಾದ ಕಥೆಯಲ್ಲಿ ಸ್ಯಾಮ್ ರೀಗಲ್ ಎಂಬ ನಟ ಅಂಥದೊಂದು ಗೊಂಬೆಯಾದ. ಎಫ್.ಸಿ.ಜಿ. ಅದರ ಹೆಸರು.

ಅದರ ಕೆಲಸ ಉಪಚಾರ. ಇನ್ನೊಬ್ಬರ ನೋವನ್ನು ತನ್ನ ಮೈಮೇಲೆ ಎಳೆದುಕೊಂಡು ಅವರನ್ನು ಗುಣಪಡಿಸುವುದು. ಎಳೆದುಕೊಂಡದ್ದು ಒಳಗೇ ಸೇರುತ್ತ ಹೋಗಿ, ಒಂದು ದಿನ ತಡೆಯಲಾರದೆ ತನ್ನವರ ಮೇಲೆಯೇ ಎರಗುತ್ತದೆ. ತನಗೆ ಆತ್ಮವಿದೆಯೇ ಎಂಬ ಪ್ರಶ್ನೆಯೂ ಅದನ್ನು ಕಾಡುತ್ತದೆ. ಇಷ್ಟು ಕೇಳಿದಾಗ ನನಗೆ ಯಂತ್ರದ ನೆನಪಾಗಲಿಲ್ಲ. ನಮ್ಮ ಓಣಿಯ ನಾಲ್ಕಾರು ಹೆಂಗಸರ ಮುಖ ನೆನಪಾಯಿತು. ಎಲ್ಲರ ಜ್ವರಕ್ಕೂ ಕಷಾಯ ಕಾಯಿಸಿ, ಎಲ್ಲರ ಸಿಟ್ಟನ್ನೂ ನುಂಗಿ, ಯಾವತ್ತೋ ಒಮ್ಮೆ ಪಾತ್ರೆ ಕುಕ್ಕಿದರೆ ‘ಇವಳಿಗೇನೋ ಆಗಿದೆ’ ಎನ್ನಿಸಿಕೊಳ್ಳುವವರು.

ಈಗ ನಮ್ಮ ಗೊಂಬೆಗಳಿಗೆ ಬರೋಣ. ಅವು ಮೊದಲಿನಿಂದ ಗೊಂಬೆಗಳಲ್ಲ. ಕಥೆಯ ಕೊನೆಯಲ್ಲಿ ಬರುವ ಸಂಗತಿ ಇದು: ಅವರು ಪಾರ್ವತಿಯ ಸಖಿಯರು. ಶಿವನ ಆಸೆಯ ನೋಟ ಅವರ ಮೇಲೆ ಬಿತ್ತು. ಪಾರ್ವತಿ ಶಾಪ ಕೊಟ್ಟದ್ದು ಅವರಿಗೆ. ನೋಡಿದವನಿಗೆ ಏನೂ ಇಲ್ಲ, ನೋಟಕ್ಕೆ ಸಿಕ್ಕವರು ಜಡವಾದರು! ಭೋಜನೊಡನೆ ವಿಕ್ರಮನ ಕಥೆ ಮಾತಾಡಿದ ಮೇಲೆಯೇ ವಿಮೋಚನೆ. 32 ಕಥೆ ಅವರು ಹೇಳಿದ್ದಾರೆ, ಎಲ್ಲವೂ ಒಬ್ಬ ಗಂಡಸಿನ ಹಿರಿಮೆ. ತಮ್ಮ ಕಥೆಗೆ ಸಿಕ್ಕಿದ್ದು ಕೊನೆಯ ನಾಲ್ಕು ಮಾತು. ನಾವು ಹೇಳುವಾಗಲೂ ಗಮನಿಸಿ: ಉದ್ದಕ್ಕೂ ಗೊಂಬೆ ‘ಹೇಳಿತು’, ಶಾಪ ಕಳೆದ ಮೇಲೆಯೇ ‘ಹೇಳಿದರು’. ವ್ಯಾಕರಣದಲ್ಲಿ ಕೂಡ ಅವರು ಕಾಯಬೇಕಾಯಿತು.

ಇನ್ನೊಂದು ಸ್ವಾರಸ್ಯವಿದೆ. ಧಾರಾನಗರದ ಭೋಜನ ಹೆಸರಿನಲ್ಲಿ ಬಂದಿರುವ 11ನೆಯ ಶತಮಾನದ ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ; ಕೈಕಾಲು ಆಡಿಸುವ ಮರದ ಗೊಂಬೆಗಳು, ಬಾಗಿಲು ಕಾಯುವ ಗೊಂಬೆಗಳು ಅದರಲ್ಲಿವೆ. ಶಾಸ್ತ್ರದಲ್ಲಿ ರಾಜನ ಗೊಂಬೆ ಹೇಳಿದ ಕೆಲಸ ಮಾಡುತ್ತದೆ. ಕಥೆಯಲ್ಲಿ ಮಾತ್ರ ಅದೇ ಹೆಸರಿನ ರಾಜನನ್ನು ಗೊಂಬೆಯೇ ನಿಲ್ಲಿಸಿ ಪ್ರಶ್ನೆ ಕೇಳುತ್ತದೆ. ಜನ ಕಟ್ಟಿಕೊಂಡ ಕಥೆ ಶಾಸ್ತ್ರಕ್ಕಿಂತ ದಿಟ್ಟವಾದದ್ದು ಹೀಗೆ.

ಹಾಗಾದರೆ ಯಾವುದು ಮೇಲು? ವಿದೇಶದ ಗೊಂಬೆಗೆ ‘ನಾನು’ ಎನ್ನುವ ಬಾಯಿ ಸಿಕ್ಕಿದೆ, ಒಳಗಿನ ಸಂಕಟ ಹೇಳಿಕೊಳ್ಳುವ ಎಡೆ ಸಿಕ್ಕಿದೆ. ಆದರೆ 2024ರಲ್ಲಿ ಗೆಳೆಯರನ್ನು ಉಳಿಸಲು ಅದು ತನ್ನನ್ನೇ ಸ್ಫೋಟಿಸಿಕೊಂಡಿತು. ನೋಡಿದವರೆಲ್ಲ ಅತ್ತರಂತೆ. ತಾನಾಗಿ ಆರಿಸಿಕೊಂಡ ಸಾವು, ಯಾರೂ ಹೊರಿಸಿದ್ದಲ್ಲ ಎಂದು ಅಕ್ಕನ ಮಗನ ವಾದ. ಒಪ್ಪಿದೆ, ಆದರೂ ಉಪಚಾರಕ್ಕೆಂದೇ ಹುಟ್ಟಿದ್ದು ಉಪಚಾರದಲ್ಲೇ ಸುಟ್ಟುಹೋಗುವುದನ್ನು ಚಂದವೆನ್ನಲು ನನ್ನ ಮನಸ್ಸು ಒಪ್ಪದು. ತ್ಯಾಗದ ಹೊಗಳಿಕೆಯನ್ನು ಹೆಂಗಸರು ಸಾಕಷ್ಟು ಕೇಳಿದ್ದೇವೆ. ನಮ್ಮ ಗೊಂಬೆಗಳು ಆ ವಿಷಯದಲ್ಲಿ ಪುಣ್ಯವಂತೆಯರು. ರಾಜನಿಗೆ ‘ನಿಲ್ಲು’ ಎಂದರು, ಲೆಕ್ಕ ಮುಗಿದೊಡನೆ ಎದ್ದುಹೋದರು.

ಅವರಿಗೆ ಇಲ್ಲದ್ದು ‘ನಾನು’ ಮಾತ್ರ. ಅದನ್ನು ಕೊಡಲು ವಿದೇಶದ ದಾಳ ಬೇಕಾಗಿಲ್ಲ. ಈಗ ನಮ್ಮಲ್ಲಿ ಮಹಿಳೆಯರೇ ತಾಳಮದ್ದಳೆಯ ಅರ್ಥ ಹೇಳುತ್ತಾರೆ. ರಾಮನ, ಕೃಷ್ಣನ ಅರ್ಥವನ್ನು ಗಂಡಸರಿಗೆ ಸರಿಸಮನಾಗಿ ಹೇಳಬಲ್ಲವರು ಒಂದು ಮಳೆಗಾಲ ಮೂವತ್ತೆರಡನೆಯ ಗೊಂಬೆಯ ಅರ್ಥಕ್ಕೆ ಕೂರಲಿ. ಎದುರಿಗೆ ಪಾರ್ವತಿ ಇರಲಿ. ‘ತಾಯೀ, ಅವನು ನೋಡಿದ್ದಕ್ಕೆ ನಾನೇಕೆ ಕಲ್ಲಾಗಬೇಕು?’ ಎಂದು ಗೊಂಬೆ ಕೇಳಲಿ. ಪಾರ್ವತಿಯ ಅರ್ಥಧಾರಿ ಏನು ಉತ್ತರ ಕೊಡುತ್ತಾಳೆಂದು ಕೇಳಲು ನಾನಂತೂ ಕೊನೆಯ ಬಸ್ಸು ತಪ್ಪಿದರೂ ಸರಿ, ಕೂತಿರುತ್ತೇನೆ.