ದ್ವೀಪಕ್ಕೆ ಮರಳುವವರ ಬರವಣಿಗೆ

ಪ್ರವಾಸ ಸಾಹಿತ್ಯದಲ್ಲಿ ಎರಡು ಬಗೆಯುಂಟು. ಹೊಸ ಊರಿಗೆ ಹೋದವನು ಬರೆಯುವುದು ಒಂದು. ಮೆಚ್ಚಿದ ಊರಿಗೆ ಮತ್ತೆ ಮತ್ತೆ ಹೋಗುವವನು ಬರೆಯುವುದು ಇನ್ನೊಂದು. ಮೊದಲನೆಯದನ್ನು ಕುರಿತು ವಿಮರ್ಶಕರು ಬೇಕಾದಷ್ಟು ಹೇಳಿದ್ದಾರೆ. ಎರಡನೆಯದರ ಗೋಜಿಗೆ ಹೋದವರು ಕಡಮೆ. ರಜೆ ಸಿಕ್ಕಿತು, ಹಳೆಯ ದ್ವೀಪಕ್ಕೆ ಹೋದೆವು, ಅದೇ ಮೀನು ತಿಂದೆವು, ಅದೇ ಮರಳಿನ ಮೇಲೆ ಮಲಗಿದೆವು, ಅದೇ ಗೆಳೆಯರನ್ನು ಕಂಡೆವು ಎಂಬ ಬರವಣಿಗೆಯಲ್ಲಿ ವಿಮರ್ಶೆಗೆ ಏನಿದೆ ಎಂದು ವಾಚಕರು ಕೇಳಬಹುದು. ಇದೆಯೆಂದೇ ನನ್ನ ಅಭಿಪ್ರಾಯ. ಮೊದಲ ಸಲ ಹೋದವನಿಗೆ ತಿಳಿಯದು ಎಂಬ ರಿಯಾಯಿತಿ ಉಂಟು. ಹತ್ತನೆಯ ಸಲ ಹೋದವನಿಗೆ ಅದಿಲ್ಲ. ಆತ ಪ್ರೀತಿಯ ಹೆಸರಿನಲ್ಲಿ ಮಾತನಾಡುತ್ತಾನೆ. ಆ ಪ್ರೀತಿ ಎಂಥದು ಎಂದು ಕೇಳುವ ಹಕ್ಕು ಓದುವವನಿಗೆ ಇದೆ.

ನನ್ನ ಮುಂದಿರುವ ಉದಾಹರಣೆ ಮೆಕ್ಸಿಕೋ ದೇಶದ ಒಂದು ಪುಟ್ಟ ದ್ವೀಪ. ಯುಕಟಾನ್ ಪರ್ಯಾಯದ್ವೀಪದ ಈಶಾನ್ಯ ತುದಿಗೆ, ಕಾನ್‌ಕೂನ್ ನಗರದ ಎದುರಿಗೆ, ಕೆರಿಬಿಯನ್ ಸಮುದ್ರದಲ್ಲಿದೆ. ಉದ್ದ ಸುಮಾರು 7 ಕಿಲೋಮೀಟರು. ಅಗಲ ಹೆಚ್ಚಿನ ಕಡೆ ಒಂದು ಕಿಲೋಮೀಟರಿಗೂ ಕಡಮೆ. ಹೆಸರು ಇಸ್ಲಾ ಮುಹೇರೆಸ್, ಎಂದರೆ ಹೆಂಗಸರ ದ್ವೀಪ. ಆ ಕಡಲನ್ನು ನಾನು ಕಣ್ಣಾರೆ ಕಂಡಿಲ್ಲ. ಅಲ್ಲಿಗೆ ಹೋದವರು, ಮರಳಿ ಹೋದವರು ಬರೆದದ್ದನ್ನು ಕುರ್ಚಿಯಲ್ಲಿ ಕುಳಿತು ಓದಿದ್ದೇನೆ. ವಿಮರ್ಶಕನಿಗೆ ಇದು ಕೊರತೆಯೇನೂ ಅಲ್ಲ. ಸಮುದ್ರದ ಗಾಳಿ ಮೈಗೆ ತಾಕಿದವನು ಬರವಣಿಗೆಯ ದೋಷವನ್ನು ಸುಲಭವಾಗಿ ಕ್ಷಮಿಸಿಬಿಡುತ್ತಾನೆ.

ಹೆಸರಿನಿಂದಲೇ ಹೊರಡೋಣ. 1517ರಲ್ಲಿ ಸ್ಪೇನಿನ ಹೆರ್ನಾಂಡೆಸ್ ದೆ ಕೋರ್ದೋಬಾ ಈ ಕರಾವಳಿಗೆ ಬಂದ. ದ್ವೀಪದಲ್ಲಿ ಮಾಯಾ ಜನರ ದೇವಿಯರ ವಿಗ್ರಹಗಳನ್ನು ಕಂಡು ಅದಕ್ಕೆ ಈ ಹೆಸರಿಟ್ಟನೆಂದು ದಿಯೇಗೋ ದೆ ಲಾಂಡಾ ಎಂಬ ಪಾದ್ರಿ ಬರೆದಿದ್ದಾನೆ. ಆ ದೇವಿಯರಲ್ಲಿ ಮುಖ್ಯಳು ಇಷ್‌ಚೆಲ್. ದಕ್ಷಿಣಕ್ಕೆ ಇರುವ ದೊಡ್ಡ ದ್ವೀಪವಾದ ಕೋಸುಮೆಲ್‌ಗೆ ಮಾಯಾ ಜನರು ಯಾತ್ರೆ ಹೋಗುತ್ತಿದ್ದರೆಂದೂ, ಕ್ರೈಸ್ತರಿಗೆ ಜೆರುಸಲೇಮ್ ಮತ್ತು ರೋಮ್ ಹೇಗೋ ಅವರಿಗೆ ಅದು ಹಾಗಿತ್ತೆಂದೂ ಆತನೇ ಹೇಳುತ್ತಾನೆ. ಇದೇ ಲಾಂಡಾ 1562ರಲ್ಲಿ ಮಾನೀ ಎಂಬ ಊರಿನಲ್ಲಿ ಮಾಯಾ ಜನರ ಗ್ರಂಥಗಳನ್ನು ಸುಡಿಸಿದವನು. ಸುಟ್ಟವನ ಬರಹದಿಂದಲೇ ಸುಟ್ಟದ್ದರ ಸುದ್ದಿಯನ್ನು ನಾವು ತಿಳಿಯಬೇಕಾಗಿದೆ. ಈ ದ್ವೀಪಗಳಿಗೆ ಮರಳುವವರ ಪರಂಪರೆ ಇಂದಿನ ವಿಮಾನಗಳಿಂದ ಆರಂಭವಾದದ್ದಲ್ಲ ಎಂಬುದು ಮಾತ್ರ ಇದರಿಂದ ಸ್ಪಷ್ಟ. ಯಾತ್ರಿಕನು ದೇವಿಗೆ ಏನನ್ನಾದರೂ ಒಪ್ಪಿಸಲು ಬರುತ್ತಿದ್ದ. ಇಂದಿನವನು ಏನನ್ನು ಒಪ್ಪಿಸುತ್ತಾನೆ?

ಮರಳಿ ಬಂದು ಬರೆದವರಲ್ಲಿ ದೊಡ್ಡ ಹೆಸರು ಅಮೆರಿಕದ ಜಾನ್ ಲಾಯ್ಡ್ ಸ್ಟೀಫನ್ಸ್‌ನದು. 1840ರಲ್ಲಿ ಆತನೂ ಚಿತ್ರಕಾರ ಕ್ಯಾದರ್‌ವುಡ್‌ನೂ ಉಷ್ಮಾಲ್‌ನ ಪಾಳುನಗರಿಯಲ್ಲಿದ್ದಾಗ ಕ್ಯಾದರ್‌ವುಡ್‌ನಿಗೆ ಜ್ವರ ಬಂತು. ಕೆಲಸ ಅರ್ಧಕ್ಕೆ ನಿಂತಿತು. ಅದನ್ನು ಮುಗಿಸಲು 1841ರಲ್ಲಿ ಇಬ್ಬರೂ ಮತ್ತೆ ಹೊರಟರು. ಪಕ್ಷಿಶಾಸ್ತ್ರ ಬಲ್ಲ ವೈದ್ಯ ಕೇಬಟ್ ಜೊತೆಗೂಡಿದ. ಈ ಎರಡನೆಯ ಯಾತ್ರೆಯ ಫಲವೇ 1843ರಲ್ಲಿ ಪ್ರಕಟವಾದ ಯುಕಟಾನ್ ಪ್ರವಾಸದ ಎರಡು ಸಂಪುಟಗಳು. 1842ರಲ್ಲಿ ಅವರು ದೋಣಿಯಲ್ಲಿ ಕೋಸುಮೆಲ್‌ಗೆ ಹೋದರು. ಇಸ್ಲಾ ಮುಹೇರೆಸ್ಸಿನ ಬಳಿಯೂ ಹಾದರು. ಕಡಲ್ಗಳ್ಳ ಲಫೀತ್‌ನ ಬಗ್ಗೆ ಅವರ ದೋಣಿಯವನ ಅಭಿಪ್ರಾಯ ಒಳ್ಳೆಯದಿತ್ತು: ಬೆಸ್ತರಿಂದ ತೆಗೆದುಕೊಂಡದ್ದಕ್ಕೆಲ್ಲ ಆತ ಸರಿಯಾಗಿ ಹಣ ಕೊಡುತ್ತಿದ್ದನಂತೆ! ಇಂಥ ಮಾತನ್ನು ಬಿಡದೆ ಹಿಡಿದಿಡುವ ಕಿವಿ ಸ್ಟೀಫನ್ಸ್‌ಗೆ ಇತ್ತು.

ಆತನ ಹಿರಿಮೆ ಅಷ್ಟೇ ಅಲ್ಲ. ಈ ಕಟ್ಟಡಗಳನ್ನು ಕಟ್ಟಿದವರು ಎಲ್ಲಿಂದಲೋ ಬಂದು ಮಾಯವಾದ ಜನಾಂಗವೆಂದು ಹಲವರು ಹೇಳುತ್ತಿದ್ದ ಕಾಲದಲ್ಲಿ, ಅಲ್ಲಿ ಕಣ್ಣೆದುರಿಗೆ ಹೊರೆ ಹೊರುತ್ತಿರುವ ಜನರ ಪೂರ್ವಿಕರೇ ಕಟ್ಟಿದವರು ಎಂದು ಆತ ತೀರ್ಮಾನಿಸಿದ. ಎರಡು ಸಲ ಹೋದದ್ದು ಸಾರ್ಥಕವಾಯಿತು. ಆದರೂ ಗ್ರಂಥದಲ್ಲಿ ಒಂದು ಬಿರುಕಿದೆ. ಜಮೀನುದಾರರ ಎಸ್ಟೇಟಿನಲ್ಲಿ ಸಾಲಕ್ಕೆ ಸಿಕ್ಕಿದ ಮಾಯಾ ಕೂಲಿಗಳನ್ನು ಆತ ಕಂಡಿದ್ದಾನೆ. ಚಾಟಿಯ ಪೆಟ್ಟನ್ನೂ ಬರೆದಿದ್ದಾನೆ. ಬರೆದು ಮುಂದಿನ ಪಾಳುಗುಡಿಗೆ ನಡೆದಿದ್ದಾನೆ. ಐದೇ ವರ್ಷಗಳಲ್ಲಿ, 1847ರಲ್ಲಿ, ಆ ಜನ ದಂಗೆಯೆದ್ದರು. ಕಲ್ಲಿನ ಮೇಲಿನ ಕೆತ್ತನೆಯನ್ನು ಅಷ್ಟು ಎಚ್ಚರದಿಂದ ನೋಡಿದ ಕಣ್ಣಿಗೆ ಮನುಷ್ಯನ ಮುಖದ ಮೇಲಿನ ಬರಹ ತಿಳಿಯಲಿಲ್ಲ. ಆ ಯುದ್ಧದಿಂದ ತಪ್ಪಿಸಿಕೊಂಡು ಬಂದವರು 1850ರ ಸುಮಾರಿಗೆ ಇಸ್ಲಾ ಮುಹೇರೆಸ್ಸಿನಲ್ಲಿ ಊರು ಕಟ್ಟಿದರು. ಇಂದಿನ ಪ್ರವಾಸಿಗಳು ಪ್ರಾಚೀನವೆಂದು ಬಗೆಯುವ ಆ ಊರು ನಿರಾಶ್ರಿತರ ಊರು.

ಸ್ಟೀಫನ್ಸ್ ಮರಳಿದ್ದು ಕೆಲಸಕ್ಕಾಗಿ. ನಮ್ಮ ಕಾಲದವರು ಮರಳುವುದು ಸುಖಕ್ಕಾಗಿ. ಸುಖವನ್ನು ನಾನು ಹಳಿಯುವುದಿಲ್ಲ. ವರ್ಷವೆಲ್ಲ ದುಡಿದವನು ಒಂದು ವಾರ ಕಡಲ ತೀರದಲ್ಲಿ ಕುಳಿತರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಸುಖದ ಬರವಣಿಗೆಗೂ ಪರೀಕ್ಷೆಯುಂಟು. ಊಟ, ತೀರ, ಗೆಳೆತನ ಎಂದು ಅವರೇ ಹೇಳಿಕೊಳ್ಳುವ ಮೂರು ಸುಖಗಳಲ್ಲೇ ಅದನ್ನು ಮಾಡಬಹುದು.

ಮೊದಲು ಊಟ. ಆ ತೀರದ ಹೆಸರಾಂತ ಅಡುಗೆ ಟಿಕಿನ್ ಶಿಕ್. ಸೀಳಿದ ಮೀನಿಗೆ ಅಚಿಯೋತೆ ಎಂಬ ಕೆಂಪು ಬೀಜದ ಅರೆಪನ್ನೂ ಹುಳಿ ಕಿತ್ತಳೆಯ ರಸವನ್ನೂ ಸವರಿ, ಬಾಳೆಯೆಲೆಯಲ್ಲಿ ಸುತ್ತಿ, ಕೆಂಡದ ಮೇಲೆ ಬೇಯಿಸುತ್ತಾರೆ. ಮರಳಿ ಹೋದವರು ಇದನ್ನು ಸಾವಿರಾರು ವರ್ಷಗಳಿಂದ ಬದಲಾಗದ ಅಡುಗೆಯೆಂದು ಹೊಗಳುವುದು ವಾಡಿಕೆ. ಅಚಿಯೋತೆ ಆ ನೆಲದ್ದು, ನಿಜ. ಆದರೆ ಬಾಳೆಯೂ ಕಿತ್ತಳೆಯೂ ಏಷ್ಯಾದಿಂದ ಹೊರಟು ಸ್ಪೇನಿನವರ ಹಡಗಿನಲ್ಲಿ ಅಲ್ಲಿಗೆ ಬಂದವು. ಸಂಸ್ಕೃತದ ನಾರಂಗ ಶಬ್ದವೇ ಪಾರಸಿ, ಅರಬ್ಬಿ ಬಾಯಿಗಳನ್ನು ದಾಟಿ ಸ್ಪ್ಯಾನಿಷಿನಲ್ಲಿ ನರಾಂಹ ಆಗಿದೆ. ಅತ್ತಣಿಂದ ಇತ್ತ ಬಂದದ್ದೂ ಉಂಟು. ನಾವು ತಿನ್ನುವ ಸಪೋಟ ಆ ಸೀಮೆಯ ಹಣ್ಣು; ಅದರ ಹೆಸರಿನ ಬೇರು ಮೆಕ್ಸಿಕೋದ ನಾವಾತ್ಲ್ ಭಾಷೆಯಲ್ಲಿದೆ. ನಮ್ಮ ಸಾರಿನ ಮೆಣಸಿನಕಾಯಿಯೂ ಆ ಖಂಡದ್ದೇ. ಹೀಗಿರುವಾಗ ಬದಲಾಗದ ರುಚಿಯನ್ನು ಹುಡುಕಿಕೊಂಡು ಹೋಗುವವನು, ಎಷ್ಟೋ ಬದಲಾವಣೆಗಳನ್ನು ನುಂಗಿದ ಅಡುಗೆಯ ಮುಂದೆ ಕುಳಿತು ಅದನ್ನೇ ಬದಲಾಗದ್ದು ಎನ್ನುತ್ತಾನೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಕಟುವಾದದ್ದು. ಹಿಂದೆ ಈ ದ್ವೀಪದ ಬೆಸ್ತರ ಮುಖ್ಯ ಬೇಟೆಗಳಲ್ಲಿ ಕಡಲಾಮೆ ಒಂದು. ಅದರ ಮಾಂಸ ಅಲ್ಲಿಯ ಊಟದಲ್ಲಿತ್ತು. 1990ರಲ್ಲಿ ಮೆಕ್ಸಿಕೋ ಸರ್ಕಾರ ಕಡಲಾಮೆ ಹಿಡಿಯುವುದನ್ನು ನಿಷೇಧಿಸಿತು. ಇಂದು ಅದೇ ದ್ವೀಪದಲ್ಲಿ ಆಮೆಯ ಮೊಟ್ಟೆಗಳನ್ನು ಕಾದು, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಹಳೆಯ ರುಚಿ ಹೋಯಿತೆಂದು ಕೊರಗುವ ಲೇಖಕನು, ಹೋದದ್ದು ಯಾವುದು, ಅದು ಹೋದದ್ದರಿಂದ ಉಳಿದದ್ದು ಯಾವುದು ಎಂದು ಲೆಕ್ಕ ಹಾಕಬೇಡವೆ? ಬೇಟೆಯಿಂದ ಬದುಕುತ್ತಿದ್ದ ಬೆಸ್ತನಿಗೆ ನಿಷೇಧದ ಮರುದಿನ ಒಲೆ ಹೇಗೆ ಹೊತ್ತಿತು ಎಂದು ಕೇಳಬೇಡವೆ? ಈ ಎರಡು ಪ್ರಶ್ನೆಗಳು ಬಂದಾಗ ಊಟದ ವರ್ಣನೆ ಸಾಹಿತ್ಯವಾಗುತ್ತದೆ. ಬರದಿದ್ದರೆ ಹೋಟೆಲಿನ ಪಟ್ಟಿಯಾಗಿ ನಿಲ್ಲುತ್ತದೆ.

ಎರಡನೆಯದು ತೀರ. ದ್ವೀಪದ ಉತ್ತರ ತುದಿಯ ಮರಳದಂಡೆಗೆ ಪ್ಲಾಯಾ ನೋರ್ತೆ ಎಂದು ಹೆಸರು. ಬಿಳಿಯ ಮರಳು, ಬಹಳ ದೂರ ನಡೆದರೂ ಆಳವಾಗದ ತಿಳಿನೀರು. ಇದರ ಬಣ್ಣವನ್ನು ವರ್ಣಿಸದ ಲೇಖಕನಿಲ್ಲ. ರತ್ನಗಳ ಹೆಸರೆಲ್ಲ ಮುಗಿದುಹೋಗಿವೆ. ವರ್ಣನೆ ಹೆಚ್ಚಿತೆಂಬುದಲ್ಲ ನನ್ನ ಆಕ್ಷೇಪಣೆ. ಆ ವರ್ಣನೆಯಲ್ಲಿ ಕೆಲಸ ಮಾಡುವ ಒಬ್ಬ ಮನುಷ್ಯನೂ ಇರುವುದಿಲ್ಲ ಎಂಬುದು. 2011ರಿಂದೀಚೆಗೆ ಅಟ್ಲಾಂಟಿಕ್ ಸಾಗರದಲ್ಲಿ ಸರ್ಗಾಸಮ್ ಎಂಬ ಕಂದುಬಣ್ಣದ ಕಡಲಪಾಚಿ ಅಪಾರವಾಗಿ ಬೆಳೆಯತೊಡಗಿದೆ, ಅದು ಕೆರಿಬಿಯನ್ ತೀರಗಳಿಗೆ ರಾಶಿರಾಶಿಯಾಗಿ ಬಂದು ಬೀಳುತ್ತದೆ, ಕೊಳೆತರೆ ನಾರುತ್ತದೆ. ಅದನ್ನು ಗೋರಿ ತೆಗೆಯುವ ಕೂಲಿಗಳು ಆ ಕರಾವಳಿಯ ಉದ್ದಕ್ಕೂ ಇದ್ದಾರೆ. ಮೆಕ್ಸಿಕೋದ ಕಾನೂನಿನಲ್ಲಿ ಕಡಲತೀರ ರಾಷ್ಟ್ರದ ಸ್ವತ್ತು, ಎಲ್ಲರದು. ಆದರೆ ನೆರಳಿನ ಕೊಡೆಗೂ ಒರಗುಕುರ್ಚಿಗೂ ಬಾಡಿಗೆ ಕೊಡಬೇಕು. ಹತ್ತು ಸಲ ಹೋದವನಿಗೆ ಇದು ತಿಳಿಯದ್ದಲ್ಲ. ತಿಳಿದೂ ಬರೆಯದಿರುವುದು, ಸುಂದರವಾದ ಚಿತ್ರ ಕಲಕಿಹೋದೀತೆಂಬ ಭಯದಿಂದ. ಕಲಕಿದರೆ ಕೆಡುವ ಚಿತ್ರದಲ್ಲಿ ನಂಬಿಕೆಯಿಡುವುದು ನನಗೆ ಕಷ್ಟ.

ಮೂರನೆಯದು ಗೆಳೆತನ; ಪರೀಕ್ಷೆ ಬಿಗಿಯಾಗುವುದು ಇಲ್ಲಿಯೇ. ಮರಳುವವರ ಬರಹದಲ್ಲಿ ಗೆಳೆಯನೆಂದರೆ ಸಾಮಾನ್ಯವಾಗಿ ದೋಣಿಯವನು, ಬಡಿಸುವವನು, ಕೋಣೆ ಗುಡಿಸುವ ಹೆಂಗಸು. ಅವರು ಹೆಸರು ಹಿಡಿದು ಕರೆಯುತ್ತಾರೆ, ನಗುತ್ತಾರೆ, ಕಳೆದ ವರ್ಷ ಏನು ತಿಂದಿರೆಂದು ನೆನಪಿಟ್ಟುಕೊಂಡಿರುತ್ತಾರೆ. ಲೇಖಕನಿಗೆ ಹೃದಯ ತುಂಬಿ ಬರುತ್ತದೆ. ಆ ಗೆಳೆತನ ಸುಳ್ಳೆಂದು ನಾನು ಹೇಳಲಾರೆ; ಮನುಷ್ಯರ ನಡುವೆ ಹಣ ಓಡಾಡಿದ ಮಾತ್ರಕ್ಕೆ ವಿಶ್ವಾಸ ಹುಟ್ಟಬಾರದೆಂಬ ನಿಯಮವಿಲ್ಲ. ಆದರೆ ಒಬ್ಬನಿಗೆ ರಜೆ, ಇನ್ನೊಬ್ಬನಿಗೆ ಕೆಲಸದ ವೇಳೆ. ಈ ವ್ಯತ್ಯಾಸವನ್ನು ಬರಹ ಬಲ್ಲುದೆ? ಆ ಗೆಳೆಯ ಒಂದಾದರೂ ಕಹಿಯಾದ ಮಾತನ್ನು ಆಡಲು ಪುಟದಲ್ಲಿ ಜಾಗವಿದೆಯೆ?

ಇಲ್ಲಿ ಸ್ಪೇನಿನ ಹಳೆಯ ಸಿಪಾಯಿ ಬೆರ್ನಾಲ್ ದೀಯಾಸ್‌ನನ್ನು ನೆನೆಯಬೇಕು. ಆತ ಮುದುಕನಾಗಿ ಗ್ವಾಟೆಮಾಲದಲ್ಲಿ ಕುಳಿತು, ತನ್ನ ಯೌವನದ ಯುದ್ಧಗಳಿಗೆ ನೆನಪಿನಲ್ಲಿ ಮರಳಿ ಬರೆದ ಗ್ರಂಥ 1632ರಲ್ಲಿ ಅಚ್ಚಾಯಿತು. ಅದರಲ್ಲಿ ಕೋಸುಮೆಲ್‌ಗೆ ಸಂಬಂಧಿಸಿದ ಒಂದು ಪ್ರಸಂಗವಿದೆ. 1511ರಲ್ಲಿ ಹಡಗೊಡೆದು ಯುಕಟಾನ್ ತೀರಕ್ಕೆ ಬಂದು ಬಿದ್ದವರಲ್ಲಿ ಬದುಕಿ ಉಳಿದವರು ಇಬ್ಬರು: ಹೆರೋನಿಮೋ ದೆ ಆಗಿಲಾರ್ ಮತ್ತು ಗೊನ್ಸಾಲೋ ಗೆರೆರೋ. 1519ರಲ್ಲಿ ಕೋರ್ಟೆಸ್ ಕೋಸುಮೆಲ್‌ಗೆ ಬಂದಾಗ ಅವರ ಸುದ್ದಿ ಕೇಳಿ ಓಲೆ ಕಳುಹಿಸಿದ. ಆಗಿಲಾರ್ ಹೊರಟು ಬಂದ. ಗೆರೆರೋ ಬರಲೊಪ್ಪಲಿಲ್ಲ. ಆತ ಮಾಯಾ ಹೆಂಗಸನ್ನು ಮದುವೆಯಾಗಿದ್ದ, ಮೂರು ಮಕ್ಕಳಿದ್ದುವು, ಮುಖಕ್ಕೆ ಹಚ್ಚೆ ಹೊಯ್ಯಿಸಿಕೊಂಡಿದ್ದ. ಆತನನ್ನು ಕರೆಯಲು ಬಂದ ಆಗಿಲಾರ್‌ನನ್ನು ಹೆಂಡತಿ ಸಿಟ್ಟಿನಿಂದ ಗದರಿಸಿ ಅಟ್ಟಿದಳೆಂದು ಬೆರ್ನಾಲ್ ಬರೆಯುತ್ತಾನೆ. ಆ ಮಾತಿಗೆ ಆತ ಪ್ರತ್ಯಕ್ಷ ಸಾಕ್ಷಿಯಲ್ಲ, ಕೇಳಿದ್ದನ್ನು ಬರೆದವನು. ಅದಿರಲಿ. ಆ ನಾಡನ್ನು ಗೆಲ್ಲಲು ಕತ್ತಿ ಹಿಡಿದು ಬಂದವನು ಕೂಡ, ಆ ನಾಡಿನ ಹೆಣ್ಣೊಬ್ಬಳ ಕೋಪಕ್ಕೆ ತನ್ನ ಗ್ರಂಥದಲ್ಲಿ ಎಡೆ ಕೊಟ್ಟ. ಪ್ರೀತಿಯಿಂದ ಮರಳುತ್ತೇವೆಂದು ಹೇಳುವ ನಮ್ಮ ಕಾಲದವರ ಬರಹಗಳಲ್ಲಿ ನನಗೆ ನಗುವ ಹೆಂಗಸರು ಬಹಳ ಜನ ಸಿಕ್ಕಿದ್ದಾರೆ. ಗದರಿಸುವ ಒಬ್ಬಳನ್ನು ಹುಡುಕಿ ಸೋತಿದ್ದೇನೆ. ಗದರಿಸುವ ಸಲಿಗೆಯಿಲ್ಲದ ಕಡೆ ಗೆಳೆತನ ಎಷ್ಟು ದೂರ ಹೋದೀತು?

ಕೊನೆಯದಾಗಿ, ಈ ಬಗೆಯ ಬರಹಗಳಲ್ಲಿ ತಪ್ಪದೆ ಬರುವ ತೀರ್ಪು: ಹಿಂದಿನ ದ್ವೀಪ ಈಗಿಲ್ಲ, ಕೆಟ್ಟುಹೋಯಿತು. ಬದಲಾದದ್ದು ನಿಜ. 1970ರ ಸುಮಾರಿನಲ್ಲಿ ಎದುರುದಂಡೆಯ ಕಾನ್‌ಕೂನ್ ಬೆರಳೆಣಿಕೆಯ ಜನರಿದ್ದ ಮರಳದಿಣ್ಣೆ. ಸರ್ಕಾರವೇ ಯೋಜನೆ ಹಾಕಿ ಅಲ್ಲಿ ಪ್ರವಾಸಿನಗರ ಕಟ್ಟಿಸಿತು. 1974ರಲ್ಲಿ ಆ ಪ್ರಾಂತ ಕಿಂತಾನಾ ರೋ ಎಂಬ ರಾಜ್ಯವಾಯಿತು. ಜನ ಬಂದರು, ದೊಡ್ಡ ದೋಣಿಗಳು ಬಂದುವು, ದ್ವೀಪದ ಬೀದಿಗಳಲ್ಲಿ ಗಾಲ್ಫ್ ಬಂಡಿಗಳು ತುಂಬಿದುವು. 2005ರ ಅಕ್ಟೋಬರಿನಲ್ಲಿ ವಿಲ್ಮಾ ಎಂಬ ಚಂಡಮಾರುತ ಬಂದಾಗ 24 ಗಂಟೆಗಳಲ್ಲಿ ಈ ದ್ವೀಪದ ಮೇಲೆ 1,600 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಆ ನೀರಿನಲ್ಲಿ ನಿಂತವರು ಅಲ್ಲಿಯ ಜನ. ಪ್ರವಾಸಿಗೆ ಮುಂದಿನ ವರ್ಷ ಬೇರೆ ದ್ವೀಪವನ್ನು ಆರಿಸಿಕೊಳ್ಳುವ ಅನುಕೂಲವುಂಟು. ದ್ವೀಪ ಕೆಟ್ಟಿತೆಂದು ತೀರ್ಪು ಕೊಡುವ ಅಧಿಕಾರ, ಕೆಟ್ಟ ಮೇಲೂ ಅಲ್ಲಿಯೇ ಇರಬೇಕಾದವರಿಗೆ ಮೊದಲು ಸೇರಿದ್ದು. ಇನ್ನೊಂದು ಮಾತೂ ಇದೆ. ಗುಂಪು ಹೆಚ್ಚಿತೆಂದು ದೂರುವ ಲೇಖಕನು ಆ ಗುಂಪಿನಲ್ಲಿ ತನ್ನ ತಲೆಯನ್ನು ಎಣಿಸುವುದೇ ಇಲ್ಲ. ತನ್ನ ಹೊಗಳಿಕೆಯನ್ನು ಓದಿ ಹಡಗು ಹತ್ತಿದವರನ್ನೂ ಎಣಿಸುವುದಿಲ್ಲ.

ಹಾಗಾದರೆ ಇಂಥ ಬರಹ ಬೇಡವೆಂದು ನನ್ನ ವಾದವೆ? ಅಲ್ಲ. ಒಂದೇ ಊರಿಗೆ ಮತ್ತೆ ಮತ್ತೆ ಹೋಗುವ ಮನಸ್ಸು, ಊರುಗಳ ಪಟ್ಟಿ ಬೆಳೆಸುತ್ತ ಓಡುವ ಮನಸ್ಸಿಗಿಂತ ಮೇಲಾದದ್ದು. ಆದರೆ ಮರಳಿ ಹೋಗುವವನಿಗೆ ಸಾಲವೂ ಬೆಳೆಯುತ್ತ ಹೋಗುತ್ತದೆ. ಮೀನು ಬೇಯಿಸಿದ ಕೈಯ ಕೂಲಿ, ಮರಳು ಗೋರಿದವನ ಬೆನ್ನುನೋವು, ಗೆಳೆಯನು ನಗೆಯ ಹಿಂದೆ ನುಂಗಿಕೊಂಡ ಮಾತು, ಇವೆಲ್ಲ ಆ ಸಾಲದ ಬಾಬುಗಳು. ಹಣ ಎಣಿಸಿ ಕೊಟ್ಟರೂ ಅದು ಪೂರ್ತಿ ತೀರುವುದಿಲ್ಲ. ಲೇಖಕನಾದವನು ತೀರಿಸಬೇಕಾದದ್ದು ನೋಡಿದ್ದನ್ನು ನೋಡಿದಂತೆ ಬರೆದು. ಸ್ಟೀಫನ್ಸ್ ಪಾಲು ತೀರಿಸಿದ, ಪಾಲು ಉಳಿಸಿ ಹೋದ. ಅವನ ಅನಂತರ ಹೋದವರು ಉಳಿದ ಪಾಲನ್ನು ತೀರಿಸಿದರೋ ಬೆಳೆಸಿದರೋ ಎಂಬುದರಿಂದಲೇ ಅವರ ಪುಸ್ತಕಗಳಿಗೆ ಬೆಲೆ ಕಟ್ಟಬೇಕು.